ಸರಕು ವಿಮಾನ ಬಿದ್ದರೆ ತಪ್ಪು ಯಾವಾಗಲೂ ಪೈಲಟ್‌ದೇನಾ?

ನಿಮ್ಮ ತಮ್ಮನಿಗೆ ಗಲ್ಫಿನ ಏರ್‌ಪೋರ್ಟಿನಲ್ಲಿ ಕಾರ್ಗೋ ತುಂಬುವ ಕೆಲಸ ಸಿಕ್ಕಿದೆ. ಅಷ್ಟರಲ್ಲಿ ಯಾರೋ ನಿಮ್ಮ ಅಮ್ಮನಿಗೆ ಒಂದು ವಿಡಿಯೋ ತೋರಿಸಿದ್ದಾರೆ. ಸರಕು ವಿಮಾನವೊಂದು ಮೇಲೇರುತ್ತಲೇ ಮೂಗೆತ್ತಿ, ಗಾಳಿಯಲ್ಲಿ ನಿಂತಂತಾಗಿ, ನೆಲಕ್ಕೆ ಬಿದ್ದು ಉರಿಯುತ್ತದೆ. ಅವರು ಹೆದರಿ ಕೂತಿದ್ದಾರೆ. ಅದು ಪೈಲಟ್ ತಪ್ಪಾ, ವಿಮಾನದ ತಪ್ಪಾ, ತಮ್ಮನನ್ನು ಕಳಿಸಬಹುದಾ ಎಂದು ನೀವು ಶಿರಸಿಯಿಂದ ಕೇಳಿದ್ದೀರಿ.

ನಾನು ಕಾರವಾರದವನು. ಹನ್ನೊಂದು ವರ್ಷ ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನೀವು ನೋಡಿದ್ದು 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಲ್ಲಿ ಬಿದ್ದ ಬೋಯಿಂಗ್ 747 ಇರಬೇಕು. ರಸ್ತೆಯಲ್ಲಿದ್ದ ಕಾರಿನ ಕ್ಯಾಮೆರಾದಲ್ಲಿ ಸೆರೆಯಾದ ವಿಡಿಯೋ ಅದು. ಒಳಗಿದ್ದ ಏಳು ಜನರೂ ಸತ್ತರು. ಹೊಟ್ಟೆಯಲ್ಲಿ ಸೇನೆಯ ಐದು ಭಾರೀ ವಾಹನಗಳಿದ್ದವು, ಒಂದೊಂದೂ 12ರಿಂದ 18 ಟನ್. ಕಟ್ಟಿದ್ದ ಪಟ್ಟಿಗಳು ಆ ತೂಕಕ್ಕೆ ಸಾಲುತ್ತಿರಲಿಲ್ಲ. ಟೇಕಾಫ್ ಆಗುವಾಗ ಕನಿಷ್ಠ ಒಂದು ವಾಹನ ಕಳಚಿಕೊಂಡು ಹಿಂದಕ್ಕೆ ಜಾರಿತು.

ತೂಕ ಹಿಂದಕ್ಕೆ ಹೋಯಿತು, ಅದಕ್ಕೇ ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ. ತೂಕ ಹಿಂದೆ ಬಂದರೆ ಏನಾಗುತ್ತದೆ ಎಂಬುದು ಶಿರಸಿಯವರಿಗೆ ಗೊತ್ತು. ಬೈಕಿನ ಹಿಂದೆ ಅಡಿಕೆ ಮೂಟೆ ಕಟ್ಟಿಕೊಂಡು ಏರು ಹತ್ತಿದರೆ ಹ್ಯಾಂಡಲ್ ಹಗುರಾಗುತ್ತದೆ, ಮುಂದಿನ ಚಕ್ರ ಮಾತು ಕೇಳುವುದಿಲ್ಲ. ವಿಮಾನದಲ್ಲಿ ಆ ಹ್ಯಾಂಡಲ್ ಬಾಲದಲ್ಲಿರುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ನಿಲ್ಲಿಸಿದ್ದಾರೆ. ಬಂದಾಗ ಅದರ ಬಾಲದ ಹತ್ತಿರ ನಿಂತು ಅಡ್ಡರೆಕ್ಕೆಯನ್ನು ನೋಡಿ. ವಿಮಾನದ ಮೂಗು ಏಳುವುದು, ಇಳಿಯುವುದು ಅಲ್ಲಿಂದಲೇ. ಬಗ್ರಾಮ್‌ನಲ್ಲಿ ಜಾರಿದ ವಾಹನ ಹಿಂದಿನ ಗೋಡೆಯನ್ನು ಒಡೆದುಕೊಂಡು ಹೋಯಿತು. ಎಣ್ಣೆಯ ಒತ್ತಡದಿಂದ ಬಾಲ, ರೆಕ್ಕೆಗಳ ಭಾಗಗಳನ್ನು ಆಡಿಸುವ ಹೈಡ್ರಾಲಿಕ್ ಕೊಳವೆಗಳನ್ನು ಕತ್ತರಿಸಿತು. ಆ ಅಡ್ಡರೆಕ್ಕೆಯನ್ನು ತಿರುಗಿಸುವ ದೊಡ್ಡ ಸ್ಕ್ರೂವನ್ನೂ ಹಾಳು ಮಾಡಿತು. ಆಮೇಲೆ ಪೈಲಟ್‌ಗಳು ಏನು ಮಾಡಿದರೂ ಮೂಗು ಇಳಿಯುವ ಹಾಗಿರಲಿಲ್ಲ.

ಹಾಗಾದರೆ ಕಟ್ಟಿದವನದೇ ತಪ್ಪಾ? ಅಷ್ಟು ಸುಲಭವಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿತು. ಇಂಥ ಸರಕನ್ನು ಕಟ್ಟಲು ಕಂಪನಿ ಇಟ್ಟುಕೊಂಡಿದ್ದ ಕ್ರಮವೇ ಸರಿಯಿರಲಿಲ್ಲ, ಅದರ ಮೇಲೆ ಕಣ್ಣಿಡಬೇಕಾದ ಸರ್ಕಾರಿ ಇಲಾಖೆಯೂ ಸರಿಯಾಗಿ ನೋಡಿರಲಿಲ್ಲ ಎಂದು ಹೇಳಿತು. ನನ್ನ ಮನಸ್ಸಿನಿಂದ ಹೋಗದ ವಿಷಯ ಇನ್ನೊಂದಿದೆ. ಅದೇ ವಿಮಾನ ಅದೇ ಸರಕು ಹೊತ್ತು ಅದಕ್ಕೂ ಮೊದಲು ಇನ್ನೊಂದು ನೆಲೆಯಿಂದ ಬಗ್ರಾಮ್‌ಗೆ ಬಂದಿತ್ತು. ಆ ದಾರಿಯಲ್ಲೇ ಒಂದು ಪಟ್ಟಿ ತುಂಡಾಗಿತ್ತು. ಸಿಬ್ಬಂದಿ ಆ ಬಗ್ಗೆ ಮಾತಾಡಿಕೊಂಡದ್ದು ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಸಿಕ್ಕಿತು. ಎಚ್ಚರಿಕೆ ಕಣ್ಣೆದುರಿಗೇ ಬಂದಿತ್ತು. ಆದರೂ ಹೊರಟರು.

ನನಗೂ ಇಂಥ ಒಂದು ರಾತ್ರಿ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ. ನೆಲದ ರೋಲರ್‌ಗಳ ಮೇಲೆ ಪ್ಯಾಲೆಟ್, ಅಂದರೆ ಸರಕು ಪೇರಿಸಿದ ಹಲಗೆ, ತಳ್ಳಿ, ಜಾಗಕ್ಕೆ ಬಂದ ಮೇಲೆ ಸುತ್ತಲಿನ ಲಾಕ್‌ಗಳನ್ನು ಎತ್ತಬೇಕು. ಒಂದು ಲಾಕ್ ಏಳಲಿಲ್ಲ. ವಿಮಾನ ಆಗಲೇ ತಡವಾಗಿತ್ತು, ಹೊರಗೆ ಎಲ್ಲರೂ ಕೂಗುತ್ತಿದ್ದರು. ಪಕ್ಕದವನು ಒಂದು ತಾನೇ, ಬಿಡು ಎಂದ. ನಾನು ಸುಮ್ನೆ ಇದ್ದೆ. ಬಾಗಿಲು ಮುಚ್ಚಿತು, ವಿಮಾನ ಹೋಯಿತು. ಕೋಣೆಗೆ ಬಂದು ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು? ಬಟ್ಟೆ ಹಾಕಿಕೊಂಡು ವಾಪಸ್ ಹೋಗಿ ನಮ್ಮ ಸೂಪರ್‌ವೈಸರ್‌ಗೆ ಹೇಳಿದೆ. ಕೇರಳದ ಹಿರಿಯರು. ಅವರು ಬೈಯಲಿಲ್ಲ. ವಿಮಾನ ಇಳಿಯುವ ಊರಿಗೆ ಫೋನ್ ಮಾಡಿ ಯಾವ ಪ್ಯಾಲೆಟ್ ಎಂದು ತಿಳಿಸಿದರು. ಬೆಳಿಗ್ಗೆ ಉತ್ತರ ಬಂತು: ಆ ಪ್ಯಾಲೆಟ್ ಒಂದು ಗೇಣು ಸರಿದಿದೆ. ಅಷ್ಟೇ, ಬೇರೇನೂ ಆಗಿರಲಿಲ್ಲ. ಆದರೆ ಆ ಒಂದು ಗೇಣನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ಲಾಕ್ ಏಳದಿದ್ದರೆ ಎಷ್ಟೇ ಬೈದರೂ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ.

1997ರ ಆಗಸ್ಟ್ 7ರಂದು ಅಮೆರಿಕದ ಮಿಯಾಮಿಯಲ್ಲಿ ಡಿಸಿ-8 ಎಂಬ ಮಾದರಿಯ ಒಂದು ಸರಕು ವಿಮಾನ ಬಿತ್ತು. ಅದರಲ್ಲಿದ್ದದ್ದು ಬರೀ ಜೀನ್ಸ್ ಬಟ್ಟೆ! ಸೇನೆಯ ವಾಹನವೂ ಅಲ್ಲ, ಬಾಂಬೂ ಅಲ್ಲ. ಸರಕು ಹಿಂದಕ್ಕೆ ಜಾಸ್ತಿ ಬಿದ್ದಿತ್ತು. ಪೈಲಟ್‌ಗಳ ಕೈಯಲ್ಲಿದ್ದ ಲೆಕ್ಕದ ಕಾಗದ ಬೇರೆಯೇ ಹೇಳುತ್ತಿತ್ತು, ಅವರು ಅದರ ಪ್ರಕಾರ ಬಾಲವನ್ನು ಹೊಂದಿಸಿಕೊಂಡಿದ್ದರು. ವಿಮಾನದಲ್ಲಿದ್ದ ನಾಲ್ವರ ಜೊತೆ ನೆಲದ ಮೇಲಿದ್ದ ಒಬ್ಬರೂ ಹೋದರು. ಪೈಲಟ್ ಕೆಳಗಿಳಿದು ಬಂದು ಪ್ರತಿ ಪೆಟ್ಟಿಗೆ ಎತ್ತಿ ತೂಗಿ ನೋಡುವುದಿಲ್ಲ, ಅಲ್ವಾ? ನಮ್ಮ ಕಾಗದವನ್ನು ನಂಬಿ ಹಾರುತ್ತಾನೆ.

ಇನ್ನು ಬೆಂಕಿ. ನನಗೆ ಅತಿ ಹೆಚ್ಚು ಭಯ ಇದ್ದದ್ದು ಇದರದ್ದೇ. 2010ರ ಸೆಪ್ಟೆಂಬರ್ 3ರಂದು ಯುಪಿಎಸ್ ಕಂಪನಿಯ 747 ದುಬೈಯಿಂದ ಜರ್ಮನಿಗೆ ಹೊರಟಿತ್ತು. ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳಿದ್ದವು. ಹಾರಿದ ಇಪ್ಪತ್ತು ನಿಮಿಷ ದಾಟುವಷ್ಟರಲ್ಲಿ ಬೆಂಕಿಯ ಎಚ್ಚರಿಕೆ ಬಂತು. ಕಾಕ್‌ಪಿಟ್ ತುಂಬಾ ಹೊಗೆ, ಎದುರಿನ ಮೀಟರ್‌ಗಳೇ ಕಾಣುತ್ತಿರಲಿಲ್ಲ. ಕ್ಯಾಪ್ಟನ್‌ಗೆ ಆಮ್ಲಜನಕ ಬರುವುದು ನಿಂತು, ಅವರು ಸೀಟು ಬಿಟ್ಟು ಎದ್ದರು, ಮತ್ತೆ ಬರಲಿಲ್ಲ. ಉಳಿದ ಒಬ್ಬ ಪೈಲಟ್ ನಿಯಂತ್ರಣ ಕೇಂದ್ರದ ಮಾತನ್ನು ಬೇರೆ ವಿಮಾನಗಳು ರೇಡಿಯೋದಲ್ಲಿ ದಾಟಿಸುತ್ತಿದ್ದದ್ದನ್ನು ಕೇಳಿಕೊಂಡು ದುಬೈವರೆಗೂ ವಾಪಸ್ ತಂದರು. ಇಳಿಸಲು ಆಗಲಿಲ್ಲ. ಇಬ್ಬರೂ ಸತ್ತರು. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಸರಕು ವಿಮಾನದ ಮುಖ್ಯ ಸರಕು ಅಂತಸ್ತಿನಲ್ಲಿ ಬೆಂಕಿ ಆರಿಸುವ ಗ್ಯಾಸ್ ಬಿಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಒಳಗಿನ ಗಾಳಿಯ ಒತ್ತಡ ತೆಗೆದು ಬೆಂಕಿಯ ಉಸಿರು ಕಟ್ಟಿಸುವುದೇ ಉಪಾಯ. ಬಟ್ಟೆ, ರಟ್ಟಿನ ಬೆಂಕಿಗೆ ಅದು ಸಾಕಾಗಬಹುದು. ಬ್ಯಾಟರಿ ಹಾಗಲ್ಲ. ಒಂದು ಸೆಲ್ ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಮುಂದಿನದ್ದನ್ನು. 2016ರ ಏಪ್ರಿಲ್ 1ರಿಂದ ಬಿಡಿ (ಯಾವ ಉಪಕರಣದ ಜೊತೆಗೂ ಇಲ್ಲದ) ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದು ನಿಂತಿತು. ಸರಕು ವಿಮಾನದಲ್ಲಿ ಶೇಕಡಾ 30ಕ್ಕಿಂತ ಜಾಸ್ತಿ ಚಾರ್ಜ್ ಇರಬಾರದು ಎಂದೂ ಆಯಿತು.

ಉಳಿದ ಕಾರಣಗಳೂ ಇವೆ. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಡಿಸಿ-8 ಬಿದ್ದದ್ದು ಬಾಲದ ನಿಯಂತ್ರಣದ ಒಂದು ಬೋಲ್ಟ್ ಕಳಚಿ. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಂಜಿನ್ ಹಿಡಿದಿಡುವ ಪಿನ್ ಬಿರುಕು ಬಿಟ್ಟು ಮುರಿದು, ಒಂದು 747 ವಸತಿ ಕಟ್ಟಡದ ಮೇಲೆಯೇ ಬಿತ್ತು, 43 ಜನ ಹೋದರು. 2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಟೇಕಾಫ್ ಆಗುವಾಗಲೇ ಒಂದು ಸರಕು ವಿಮಾನದ ಎಡ ಎಂಜಿನ್ ಕಿತ್ತು ಹೋಗಿ, ವಿಮಾನ ಬಿತ್ತು.

ಪೈಲಟ್ ತಪ್ಪು ಮಾಡುವುದೇ ಇಲ್ಲವೇ? ಮಾಡುತ್ತಾರೆ. 2013ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್, ಅಲಬಾಮಾದಲ್ಲಿ ಬೆಳಗಿನ ಜಾವ ಒಂದು ಸರಕು ವಿಮಾನ ರನ್‌ವೇಗೆ ಮೊದಲೇ ನೆಲಕ್ಕೆ ತಾಗಿತು. ಪೈಲಟ್‌ಗಳ ದಣಿವೂ ಅದಕ್ಕೆ ಒಂದು ಕಾರಣವಾಗಿತ್ತು. ಪೈಲಟ್‌ಗಳ ವಿಶ್ರಾಂತಿಗೆಂದು ಅಮೆರಿಕ ಹೊಸ ನಿಯಮ ತಂದಾಗ ಸರಕು ವಿಮಾನದವರನ್ನು ಹೊರಗಿಟ್ಟಿತ್ತು. ಇದು ನನಗೆ ಸಿಟ್ಟು ತರಿಸುವ ಸಂಗತಿ. ರಾತ್ರಿಯಿಡೀ ಹಾರುವವರು ಅವರೇ. ಪೆಟ್ಟಿಗೆ ಹೊತ್ತವನಿಗೆ ನಿದ್ದೆ ಬೇಡವೇ?

ನಿಮ್ಮ ಅಮ್ಮನಿಗೆ ಹೀಗೆ ಹೇಳಿ. ಸರಕು ತುಂಬುವವರು ಸಾಮಾನ್ಯವಾಗಿ ವಿಮಾನದಲ್ಲಿ ಹೋಗುವುದಿಲ್ಲ. ತಮ್ಮನಿಗೆ ಇರುವ ಅಪಾಯ ನೆಲದ ಮೇಲಿನದು: ಉರುಳುವ ಪ್ಯಾಲೆಟ್ ಕಾಲಿಗೆ, ಬೆರಳಿಗೆ ಬಡಿಯುವುದು, ಬೇಸಿಗೆಯ ಬಿಸಿಲು. ಗಟ್ಟಿ ಬೂಟು ಇಲ್ಲದೆ ಒಂದು ದಿನವೂ ಇಳಿಯಬಾರದು. ನೀರು ಕುಡಿಯುತ್ತಲೇ ಇರಬೇಕು. ಲಾಕ್ ಏಳದಿದ್ದರೆ, ಪಟ್ಟಿ ಹರಿದಿದ್ದರೆ, ಎಣಿಕೆ ತಾಳೆಯಾಗದಿದ್ದರೆ ಅಲ್ಲೇ ಜೋರಾಗಿ ಹೇಳಬೇಕು. ಹೊಸಬ ಎಂದು ನಾಚಿಕೆಪಡಬಾರದು. ಕಳಿಸಿ, ಒಳ್ಳೆಯ ಕೆಲಸ.

ಇನ್ನೊಂದು ಮಾತು ನಿಮಗೂ ಸೇರಿ. ಮುಂದೆ ಅವನು ಊರಿಗೆ ಕಾರ್ಗೋ ಪೆಟ್ಟಿಗೆ ಕಳಿಸುತ್ತಾನೆ. ಕಂಬಳಿ, ಹಾಲಿನ ಪುಡಿ, ಸೋಪಿನ ನಡುವೆ ಪವರ್ ಬ್ಯಾಂಕ್, ಹಳೆಯ ಮೊಬೈಲ್ ಸುತ್ತಿಟ್ಟು, ಯಾರಿಗೂ ಹೇಳದೆ ಕಳಿಸುವವರನ್ನು ನಾನು ತುಂಬಾ ನೋಡಿದ್ದೇನೆ. ಅವರಲ್ಲಿ ನಮ್ಮ ಕಡೆಯವರೂ ಇದ್ದರು. ಒಳಗೆ ಏನಿದೆ ಎಂದು ಕೇಳಿದರೆ ಬಟ್ಟೆ ಎನ್ನುತ್ತಾರೆ. ನಿಮಗೊಂದು ಪವರ್ ಬ್ಯಾಂಕ್ ಬೇಕಿದ್ದರೆ ಶಿರಸಿಯಲ್ಲೇ ಕೊಳ್ಳಿ. ಅವನಿಗೆ ಕೇಳಬೇಡಿ.