ಓದುಗರ ಪ್ರಶ್ನೆ: ಕೊಡಗಿನ ಮಳೇಲಿ ಬಟ್ಟೆ ಬಿಸಿನೆಸ್ಸು ಶುರು ಮಾಡ್ಲಾ?

ಪ್ರಶ್ನೆ: ಅಕ್ಕಾ, ನಮಸ್ತೆ. ನಾನು ಸೋಮವಾರಪೇಟೆ ಕಡೆಯವಳು. ಬೆಂಗಳೂರಲ್ಲಿ ಗಾರ್ಮೆಂಟ್ಸ್ ಎಕ್ಸ್‌ಪೋರ್ಟ್ ಕಂಪನೀಲಿ ಐದು ವರ್ಷ ಕೆಲಸ ಮಾಡಿ, ಮದುವೆ ಆದ್ಮೇಲೆ ಊರಿಗೆ ಬಂದಿದೀನಿ. ಅಲ್ಲಿ ಒಂದೊಂದು ಆರ್ಡರ್ ಮುಗಿದಾಗಲೂ ಮೂಟೆಗಟ್ಟಲೆ ಬಟ್ಟೆ ಕಸಕ್ಕೆ ಹೋಗೋದು ನೋಡಿ ನೋಡಿ ಸಾಕಾಗಿತ್ತು. ಪರಿಸರಕ್ಕೆ ತೊಂದರೆ ಕೊಡದ ಥರ ನಂದೇ ಒಂದು ಬಟ್ಟೆ ಬ್ರ್ಯಾಂಡ್ ಮಾಡ್ಬೇಕು ಅಂತ ಆಸೆ. ಕೈಲಿ ಎರಡು ಲಕ್ಷ ಇದೆ. ಆರ್ಗ್ಯಾನಿಕ್ ಕಾಟನ್ ತರಿಸಿ, ನಮ್ಮ ತೋಟದ ಕಾಫೀಲೇ ಬಣ್ಣ ಹಾಕಿ, ಆನ್‌ಲೈನಲ್ಲಿ ಮಾರೋ ಯೋಚನೆ. ಈ ಜೂನಲ್ಲೇ ಶುರು ಮಾಡ್ಲಾ? ಮನೇಲಿ ಅತ್ತೆ ಮಾಡು ಅಂತಾರೆ, ಯಜಮಾನ್ರು ಯೋಚನೆ ಮಾಡು ಅಂತಾರೆ.

ಉತ್ತರ: ತಂಗೀ, ಶುರು ಮಾಡಿ, ಆದ್ರೆ ಜೂನಲ್ಲಿ ಮಾತ್ರ ಬೇಡ. ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ ನಾನು ಅದೇ ತಪ್ಪು ಮಾಡಿದವಳು. ವಿರಾಜಪೇಟೆ ಹತ್ರ ನಮ್ಮ ಮನೆ ಹಿಂದಿನ ಶೆಡ್ಡಲ್ಲಿ ಮೊದಲನೇ ಸಲ ಬಣ್ಣ ಹಾಕಿದ್ದು ಜುಲೈ ತಿಂಗಳು, ನಲವತ್ತು ಮೀಟರ್ ಕೈಮಗ್ಗದ ಬಟ್ಟೆ. ಹೊರಗಡೆ ಒಂದೇ ಸಮ ಮಳೆ, ಶೆಡ್ಡೊಳಗೆ ಹಗ್ಗ ಕಟ್ಟಿ ಹರವಿದ್ದು ಮೂರು ದಿನ ಆದ್ರೂ ತೇವ ಹೋಗ್ಲಿಲ್ಲ, ಐದನೇ ದಿನ ಮಡಚೋಕೆ ಅಂತ ಎತ್ತಿದ್ರೆ ಮಡಿಕೆ ಬಿದ್ದ ಕಡೆಯೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಬೂಷ್ಟು. ತೊಳೆದ್ರೂ ಹೋಗ್ಲಿಲ್ಲ, ಬಿಸಿಲು ಬಂದ್ಮೇಲೆ ಕಾಯಿಸಿದ್ರೂ ಹೋಗ್ಲಿಲ್ಲ. ಅಷ್ಟು ಹತ್ತಿ, ಅಷ್ಟು ನೀರು, ನೇಯ್ದವರ ಅಷ್ಟು ದಿನದ ಕೆಲಸ ಎಲ್ಲ ಒರೆಸೋ ಬಟ್ಟೆ ಆಯ್ತು, ಆವತ್ತು ಅತ್ತುಬಿಟ್ಟಿದ್ದೆ.

ಅದಕ್ಕೇ ನಮ್ಮೂರಿನ ವರ್ಷಕ್ಕೆ ತಕ್ಕ ಹಾಗೆ ಕೆಲಸ ಹೊಂದಿಸ್ಕೊಳ್ಳಿ. ತೊಳೆಯೋದು, ಬಣ್ಣ ಹಾಕೋದು, ಒಣಗಿಸೋದು ಎಲ್ಲ ನವೆಂಬರಿಂದ ಏಪ್ರಿಲ್ ಒಳಗೆ ಮುಗೀಲಿ. ಆ ಟೈಮಲ್ಲಿ ಕಾಫಿ ಕುಯ್ಲು ಇರುತ್ತೆ, ಹೊಲಿಯೋಕೆ ಹೆಂಗಸರು ಸಿಗಲ್ಲ, ಸಿಗೋದೂ ಬೇಡ, ಬಣ್ಣದ ಕೆಲಸ ನೀವು ಮತ್ತೆ ಇನ್ನೊಬ್ರು ಇದ್ರೆ ಆಗುತ್ತೆ. ಜೂನ್ ಬಂದು ತೋಟದ ಕೆಲಸ ಕಡಿಮೆ ಆದಾಗ ಒಣಗಿದ ಬಟ್ಟೆ ಬೀರುವಿನಲ್ಲಿ ರೆಡಿ ಇರ್ಬೇಕು, ಆಗ ಅಕ್ಕಪಕ್ಕದ ಮನೆಯವರಿಗೆ ಹೊಲಿಗೆ ಕೊಡಿ. ಮಳೆಗಾಲದಲ್ಲಿ ಕೈಗೆ ಕಾಸು ಸಿಗೋದು ಅವ್ರಿಗೂ ಬೇಕಾಗಿರೋದೇ. ಪೀಸ್ ಲೆಕ್ಕದಲ್ಲಿ ಕೊಡ್ತೀರಾದ್ರೆ ಒಂದು ಪೀಸ್ ನೀವೇ ಕೂತು ಹೊಲಿದು ಎಷ್ಟು ಗಂಟೆ ಹಿಡೀತು ನೋಡಿ ರೇಟು ಹಾಕಿ, ತೋಟದ ದಿನಗೂಲಿಗಿಂತ ಕಡಿಮೆ ಬಿದ್ರೆ ಅದನ್ನ ಒಳ್ಳೆ ಬಟ್ಟೆ ಅಂತ ಕರೆಯೋ ಹಕ್ಕು ನಮಗಿಲ್ಲ. ಪರಿಸರ ಅಂದಾಗ ಹೊಲಿಯೋರ ಕಣ್ಣು, ಸೊಂಟ ಎರಡೂ ಅದರೊಳಗೇ ಬಂತು.

ಈಗ ಬಟ್ಟೆ ವಿಚಾರ. ಆರ್ಗ್ಯಾನಿಕ್ ಅಂತ ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನ ನಂಬ್ಬೇಡಿ. ನೀವು ಎಕ್ಸ್‌ಪೋರ್ಟಲ್ಲಿ ಇದ್ದವರು, ಜಿಓಟಿಎಸ್, ಅಂದ್ರೆ ಆರ್ಗ್ಯಾನಿಕ್ ಬಟ್ಟೆಗೆ ಇರೋ ಅಂತರರಾಷ್ಟ್ರೀಯ ಮಾನದಂಡ, ಗೊತ್ತಿರುತ್ತೆ, 'ಆರ್ಗ್ಯಾನಿಕ್' ಅಂತ ಲೇಬಲ್ ಹಾಕೋಕೆ ಕನಿಷ್ಠ 95 ಪರ್ಸೆಂಟ್ ಸರ್ಟಿಫೈಡ್ ಆರ್ಗ್ಯಾನಿಕ್ ನಾರು ಇರ್ಬೇಕು, ನೂಲು, ನೇಯ್ಗೆ, ಬಣ್ಣ, ಹೊಲಿಗೆ ಪ್ರತಿ ಹಂತಕ್ಕೂ ಸರ್ಟಿಫಿಕೇಟ್ ಬೇಕು. ಎರಡು ಲಕ್ಷದಲ್ಲಿ ನೀವು ಆ ದಾರಿಗೆ ಹೋಗೋದು ಕಷ್ಟ. ನನಗೆ ಒಬ್ರು 'ಪ್ಯೂರ್ ಆರ್ಗ್ಯಾನಿಕ್' ಅಂತ ಒಂದು ತಾನು ಬಟ್ಟೆ ಕೊಟ್ಟಿದ್ರು, ಬಣ್ಣ ಹಿಡೀತಾ ಇಲ್ವಲ್ಲ ಅಂತ ಅನುಮಾನ ಬಂದು ಅಂಚಿಂದ ನಾಲ್ಕು ಎಳೆ ಕಿತ್ತು ಬೆಂಕಿ ಹಚ್ಚಿ ನೋಡಿದೆ. ಹತ್ತಿ ಆಗಿದ್ರೆ ಕಾಗದದ ಥರ ಉರಿದು, ಮುಟ್ಟಿದ್ರೆ ಉದುರೋ ಬೂದಿ ಆಗ್ಬೇಕು. ಅದು ಕರಗಿ ಮುದುಡ್ಕೊಂಡು ತುದೀಲಿ ಗಟ್ಟಿ ಮಣಿ ಆಯ್ತು, ಅಂದ್ರೆ ಪಾಲಿಯೆಸ್ಟರ್ ಸೇರಿದೆ. ಹಾಸಿನ (ಉದ್ದದ) ಎಳೆ ಬೇರೆ, ಹೊಕ್ಕಿನ (ಅಡ್ಡದ) ಎಳೆ ಬೇರೆ ತೆಗೆದು ಸುಡಿ, ಎಷ್ಟೋ ಸಲ ಮೋಸ ಒಂದರಲ್ಲೇ ಇರುತ್ತೆ. ಪಾಲಿಯೆಸ್ಟರ್ ಅಂದ್ರೆ ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ ಪ್ಲಾಸ್ಟಿಕ್ಕೇ, ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ನೀರಿಗೆ ಬಿಡುತ್ತೆ.

ನನ್ನ ಸಲಹೆ ಕೇಳಿದ್ರೆ ನಮ್ಮ ರಾಜ್ಯದ ಕೈಮಗ್ಗದಿಂದ ಶುರು ಮಾಡಿ. ಸಾಗರದ ಹತ್ರ ಹೆಗ್ಗೋಡು ಕಡೆ ಚರಕ ಅನ್ನೋ ಹೆಣ್ಮಕ್ಕಳ ಸಹಕಾರ ಸಂಘ 1990ರ ದಶಕದಿಂದ ಕೈಮಗ್ಗ, ನೈಸರ್ಗಿಕ ಬಣ್ಣ ಎರಡನ್ನೂ ಮಾಡ್ಕೊಂಡು ಬಂದಿದೆ, ಅಡಿಕೆ ಬೇಯಿಸಿದ ಚೊಗರಲ್ಲೇ ಬಣ್ಣ ಹಾಕ್ತಾರೆ. ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಖಾದಿ ಮಾಡ್ತಾರೆ. ಒಂದ್ಸಲ ಹೋಗಿ ನೋಡಿ, ಅಂಗಡಿ ನೋಡೋಕಿಂತ ಅವರ ಬಣ್ಣದ ಮನೆ ನೋಡಿ. ಒಂದು ಎಚ್ಚರಿಕೆ, ಖಾದಿ ಅನ್ನೋ ಪದ ಸುಮ್ಮನೆ ಬಳಸೋ ಹಾಗಿಲ್ಲ, 2013ರ ನಿಯಮದ ಪ್ರಕಾರ ಖಾದಿ ಆಯೋಗ ಕೊಡೋ ಖಾದಿ ಮಾರ್ಕ್ ಬೇಕು. ಮೊದಲ ಸಲಕ್ಕೆ ಐವತ್ತು ಮೀಟರ್ ಸಾಕು, ಎರಡೇ ಥರ ಬಟ್ಟೆ. ಕತ್ತರಿ ಹಾಕೋ ಮೊದಲು ರಾತ್ರಿಯಿಡೀ ನೆನೆಹಾಕಿ ಒಣಗಿಸಿ, ಕೈಮಗ್ಗದ ಹತ್ತಿ ಕುಗ್ಗೇ ಕುಗ್ಗುತ್ತೆ, ಒಂದೇ ಒಗೆತಕ್ಕೆ ಚಿಕ್ಕದಾದ ಕುರ್ತಾ ವಾಪಸ್ ಬಂದ್ರೆ ಅದಕ್ಕಿಂತ ದೊಡ್ಡ ವೇಸ್ಟ್ ಇಲ್ಲ.

ಕಾಫಿ ಬಣ್ಣದ ಆಸೆ ನಂಗೂ ಇತ್ತು. ಬರುತ್ತೆ, ಆದ್ರೆ ತೆಳು ಬಿಸ್ಕತ್ ಬಣ್ಣ, ಬಿಸಿಲಿಗೆ ಬೇಗ ಮಾಸುತ್ತೆ. ಕಬ್ಬಿಣದ ನೀರು, ಅಂದ್ರೆ ತುಕ್ಕು ಹಿಡಿದ ಮೊಳೆಗೆ ಬೆಲ್ಲ ಹಾಕಿ ಕೆಲವು ವಾರ ಕೊಳೆಸಿದ ನೀರು, ಅದರಲ್ಲಿ ಅದ್ದಿದ್ರೆ ಬೂದು ಕಡೆ ತಿರುಗುತ್ತೆ, ಅದು ಚೆನ್ನಾಗಿರುತ್ತೆ. ನಮ್ಮ ಕಡೆ ಇನ್ನೂ ಒಳ್ಳೇದು ಹಲಸಿನ ಮರದ ತಿರುಳಿನ ಹೊಟ್ಟು, ಸಾ ಮಿಲ್ಲಲ್ಲಿ ಕೇಳಿದ್ರೆ ಚೀಲ ತುಂಬಿ ಕೊಡ್ತಾರೆ, ಚೆಂದದ ಹಳದಿ. ದಾಳಿಂಬೆ ಸಿಪ್ಪೆ, ಚೆಂಡುಹೂವು ಕೂಡ ಆಗುತ್ತೆ. ಹತ್ತಿಗೆ ಬಣ್ಣ ನೇರವಾಗಿ ಹಿಡಿಯಲ್ಲ ಅನ್ನೋದು ನೆನಪಿರ್ಲಿ, ಮೊದಲು ಗಂಜಿ ಹೋಗೋ ಹಾಗೆ ಕುದಿಸಿ ತೊಳೀಬೇಕು, ಆಮೇಲೆ ಅಳಲೆಕಾಯಿ ನೀರು, ಆಮೇಲೆ ಪಟಿಕ, ಒಣಗಿದ ಬಟ್ಟೆ ಒಂದು ಕೇಜಿಗೆ ಸುಮಾರು 150 ಗ್ರಾಂ ಪಟಿಕ ನಾನು ಹಾಕೋದು. ಬಣ್ಣ ಹಾಕಿದ ಮೇಲೆ ಒಂದು ತುಂಡಿಗೆ ಬಿಳಿ ಬಟ್ಟೆ ಹೊಲಿದು ಐದು ಸಲ ಒಗೆದು ಬಿಳಿಗೆ ಬಣ್ಣ ಹತ್ತುತ್ತಾ ನೋಡಿ, ಇನ್ನೊಂದು ತುಂಡು ಅರ್ಧ ರಟ್ಟು ಮುಚ್ಚಿ ಎರಡು ವಾರ ಬಿಸಿಲಲ್ಲಿಡಿ. ಮುಚ್ಚಿದ್ದಕ್ಕೂ ಬಿಟ್ಟಿದ್ದಕ್ಕೂ ಗೆರೆ ಎದ್ದು ಕಂಡ್ರೆ ಆ ಬಣ್ಣ ಮಾರೋಕೆ ತೆಗೀಬೇಡಿ.

ಗಿಡದ ಬಣ್ಣ ತಾನೇ, ನೀರು ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಟ್ರೆ ಏನಾಗುತ್ತೆ ಅಂತ ಕೇಳೋರಿದ್ದಾರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಷೀನಿನ ನೀರೂ ಹಣ್ಣಿಂದೇ ಅಲ್ವಾ, ಅದನ್ನ ತೋಡಿಗೆ ಬಿಟ್ರೆ ಮೀನು ಏನಾಗುತ್ತೆ ಅಂತ ನಮಗೆ ಹೇಳಿಕೊಡ್ಬೇಕಾ. ನಾವಿರೋದು ಕಾವೇರಿ ಹುಟ್ಟೋ ಜಾಗದಲ್ಲಿ. ಇದೇ ಕಾವೇರಿಗೆ ಕೆಳಗಡೆ ತಮಿಳುನಾಡಲ್ಲಿ ನೊಯ್ಯಲ್ ಅಂತ ಒಂದು ನದಿ ಬಂದು ಸೇರುತ್ತೆ, ಅದು ತಿರುಪ್ಪೂರ್ ಹಾದು ಬರೋದು. ಅಲ್ಲಿ ಬನಿಯನ್, ಟೀ ಶರ್ಟ್ ಬಟ್ಟೆಗೆ ಬಣ್ಣ ಹಾಕಿದ ನೀರೆಲ್ಲ ನದಿಗೆ ಬಿಟ್ಟು ಬಿಟ್ಟು, ರೈತರ ಹೊಲಕ್ಕೆ ನೀರು ಕೊಡೋಕೆ ಅಂತ 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಡ್ಯಾಮಲ್ಲಿ ಬಣ್ಣದ ಕೊಳಚೆ ತುಂಬ್ಕೊಂತು, ಹೊಲ ಬಾವಿ ಎಲ್ಲ ಹಾಳಾಯ್ತು. ರೈತರು ಕೋರ್ಟಿಗೆ ಹೋದ್ರು, ಕೊನೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನ ಮುಚ್ಚೋಕೆ ಆರ್ಡರ್ ಮಾಡ್ತು. ನಿಮ್ಮದು ಎರಡು ಹಂಡೆ ಕೆಲಸ, ಅಷ್ಟೆಲ್ಲ ಆಗಲ್ಲ, ಆದ್ರೂ ಬಣ್ಣ ಹಿಡಿಸೋಕೆ ಕೆಲವರು ಬಳಸೋ ತಾಮ್ರದ ಮೈಲುತುತ್ತು, ಕ್ರೋಮ್ ಇವೆರಡನ್ನ ಮನೆ ಒಳಗೇ ತರ್ಬೇಡಿ. ಅದೇ ಹಂಡೆ ನೀರಲ್ಲಿ ಎರಡನೇ ಸಲ ತೆಳು ಬಣ್ಣ ತೆಗೀರಿ, ಆಮೇಲೆ ಮರಳು, ಇದ್ದಿಲು ಹಾಕಿದ ಗುಂಡಿಗೆ ಬಿಡಿ, ಆ ಗುಂಡಿ ಬಾವಿಯಿಂದಲೂ ತೋಡಿಂದಲೂ ದೂರ ಇರ್ಲಿ.

ಇನ್ನು ಲೇಬಲ್. 'ಇಕೋ ಫ್ರೆಂಡ್ಲಿ', 'ಗ್ರೀನ್' ಅಂತ ಬರೆದು ಬಿಡೋ ಕಾಲ ಹೋಯ್ತು, 2024ರ ಅಕ್ಟೋಬರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದಕ್ಕೇ ಮಾರ್ಗಸೂಚಿ ತಂದಿದೆ, ಹೇಳೋದಕ್ಕೆ ಆಧಾರ ಬೇಕು. ನನ್ನ ಲೇಬಲ್ಲಲ್ಲಿ ಇರೋದು ಇಷ್ಟೇ: ಕೈಮಗ್ಗದ ಹತ್ತಿ, ಎಲ್ಲಿ ನೇಯ್ದದ್ದು, ಹಲಸಿನ ಬಣ್ಣ, ತೆಂಗಿನ ಚಿಪ್ಪಿನ ಗುಂಡಿ, ಹೊಲಿಗೆ ದಾರ ಪಾಲಿಯೆಸ್ಟರ್. ಹೌದು, ದಾರ ಪಾಲಿಯೆಸ್ಟರ್ ಅಂತಲೇ ಬರೀತೀನಿ, ಹತ್ತಿ ದಾರ ಕಂಕುಳಲ್ಲಿ ಬೇಗ ಕಿತ್ತು ಬರ್ತಿತ್ತು. ಅದನ್ನ ಓದಿ ಬೇಡ ಅಂತ ಬಿಟ್ಟು ಹೋದವರು ಇಲ್ಲ, ಫೋನ್ ಮಾಡಿ ಮಾತಾಡಿದವರು ಇದಾರೆ.

ಲೆಕ್ಕ ಹೇಳ್ತೀನಿ ನೋಡಿ, ಉದಾಹರಣೆಗೆ ಒಂದು ಕುರ್ತಾ: ಬಟ್ಟೆ ಎರಡೂವರೆ ಮೀಟರ್ 280ರಂತೆ 700, ಬಣ್ಣ ಮತ್ತೆ ಸೌದೆ 120, ಹೊಲಿಗೆ 300, ಗುಂಡಿ ಲೇಬಲ್ 40, ಹಾಳಾಗೋದು ಅಂತ 60. ಅಲ್ಲಿಗೆ 1220 ಆಯ್ತು, ನಿಮ್ಮ ಕೂಲಿ ಇನ್ನೂ ಸೇರಿಲ್ಲ. 1900ಕ್ಕಿಂತ ಕಡಿಮೆಗೆ ಮಾರಿದ್ರೆ ಒಂದು ವರ್ಷದಲ್ಲಿ ಬಾಗಿಲು ಹಾಕ್ತೀರಿ, ಅಂಗಡಿಗೆ ಕಮಿಷನ್ ಮೇಲೆ ಇಡ್ತೀರಾದ್ರೆ ಇನ್ನೂ ಜಾಸ್ತಿ ಹಾಕ್ಬೇಕು. 2500 ದಾಟದ ಹಾಗೆ ನೋಡ್ಕೊಳ್ಳಿ, 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿಗೆ 2500ರ ತನಕ ಜಿಎಸ್‌ಟಿ 5 ಪರ್ಸೆಂಟು, ಮೇಲಾದ್ರೆ 18. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನ ತನಕ ರಿಜಿಸ್ಟ್ರೇಶನ್ ಬೇಡ, ಆದ್ರೆ ಹೊರರಾಜ್ಯಕ್ಕೆ ಕಳಿಸೋದಕ್ಕೆ ನಿಯಮ ಬೇರೆ, ಆನ್‌ಲೈನ್ ಅಂತೀರಲ್ಲ, ಆಡಿಟರ್ ಹತ್ರ ಮೊದಲೇ ಕೇಳಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿರೋ ಉದ್ಯಮ್ ರಿಜಿಸ್ಟ್ರೇಶನ್ ಪೂರ್ತಿ ಫ್ರೀ, ದುಡ್ಡು ಕೇಳೋ ವೆಬ್‌ಸೈಟ್ ಕಂಡ್ರೆ ಅದು ಸರ್ಕಾರದ್ದಲ್ಲ.

ನಿಮ್ಮೂರಲ್ಲೇ ಇರೋ ಗಿರಾಕಿನೂ ಮರೀಬೇಡಿ. ಹೋಂಸ್ಟೇಗಳಿಗೆ ಬೆಡ್‌ಶೀಟ್, ದಿಂಬಿನ ಕವರ್, ಟೇಬಲ್ ಬಟ್ಟೆ ಬೇಕೇ ಬೇಕು, ಸೈಜ್ ತೊಂದರೆ ಇಲ್ಲ, ವಾಪಸ್ ಬರಲ್ಲ, ತಂಗಿದವರು ಎಲ್ಲಿ ಸಿಗುತ್ತೆ ಅಂತ ಅವರೇ ಕೇಳ್ತಾರೆ. ನನ್ನ ಮೊದಲ ವರ್ಷ ನಿಂತಿದ್ದೇ ಒಂದು ಹೋಂಸ್ಟೇಯ ಹನ್ನೆರಡು ಬೆಡ್‌ಶೀಟಿನ ಮೇಲೆ. ಕುರ್ತಾ ಆಮೇಲೆ ಬರ್ಲಿ.

ಪ್ರಶ್ನೆ: ಮೇಡಂ, ಹೊಸ ಬಟ್ಟೆಗೆ ಬಂಡವಾಳ ಇಲ್ಲ. ಅಮ್ಮ, ಅತ್ತೆ ಇಬ್ಬರದೂ ಸೇರಿ ಟ್ರಂಕ್ ತುಂಬ ಹಳೇ ಸೀರೆ ಇದೆ. ಅದರಲ್ಲೇ ಏನಾದ್ರೂ ಮಾಡಿ ಮಾರಬಹುದಾ? ಸಾಲ ಸಿಗುತ್ತಾ? (ಗೋಣಿಕೊಪ್ಪದ ಓದುಗಿ)

ಉತ್ತರ: ಇದಕ್ಕಿಂತ ಒಳ್ಳೆ ಶುರು ಇಲ್ಲಮ್ಮ. ಆಗಲೇ ನೇಯ್ದಿರೋ ಬಟ್ಟೆಗೆ ಹೊಸದಾಗಿ ಒಂದು ಹನಿ ನೀರು ಬೇಡ, ಬಣ್ಣ ಬೇಡ. ಒಂದೊಂದೇ ಸೀರೆ ತೆಗೆದು ಕಿಟಕಿ ಬೆಳಕಿಗೆ ಹಿಡೀರಿ, ಮಡಿಕೆ ಗೆರೇಲಿ ಎಳೆ ಬಿಟ್ಟಿರುತ್ತೆ, ಎರಡೂ ಕೈಲಿ ಹಿಡಿದು ಮೆತ್ತಗೆ ಎಳೆದಾಗ ಪರ್ ಅಂದ್ರೆ ಅದು ಕೌದಿಗೆ, ಗಟ್ಟಿ ಇದ್ರೆ ಮೇಲಂಗಿಗೋ ಮಕ್ಕಳ ಲಂಗಕ್ಕೋ ಆಗುತ್ತೆ. ನಮ್ಮ ಚಳಿಗೆ, ಮಳೆಗೆ ಕೌದಿ ಬೇಡ ಅನ್ನೋರಿಲ್ಲ. ಕೊಡವ ಮದುವೆ ಸೀರೆ ಇದ್ರೆ ಕತ್ತರಿ ಹಾಕೋ ಮೊದಲು ಅಮ್ಮನ ಹತ್ರ ಎರಡು ಸಲ ಕೇಳಿ. ಬೇರೆಯವರ ಹಳೇ ಸೀರೆ ತಗೊಂಡ್ರೆ ಒಗೆದು ಬಿಸಿಲಿಗೆ ಹಾಕ್ದೆ ಒಳಗೆ ತರ್ಬೇಡಿ, ಒಂದರ ಬೂಷ್ಟು ಟ್ರಂಕಿಗೆಲ್ಲ ಹತ್ತುತ್ತೆ.

ಸಾಲಕ್ಕೆ ಪಿಎಂಇಜಿಪಿ ನೋಡಿ, ಹೊಸ ಘಟಕಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡೋ ಕೇಂದ್ರ ಸರ್ಕಾರದ ಯೋಜನೆ ಅದು. ಹಳ್ಳೀಲಿ ಹೆಣ್ಮಕ್ಕಳು ಮಾಡೋ ಘಟಕಕ್ಕೆ 35 ಪರ್ಸೆಂಟ್ ಸಬ್ಸಿಡಿ, ನಿಮ್ಮ ಕೈಯಿಂದ 5 ಪರ್ಸೆಂಟ್ ಹಾಕ್ಬೇಕು. ಆದ್ರೆ ಅದು ಹೊಸ ಘಟಕಕ್ಕೆ ಮಾತ್ರ, ಶುರು ಮಾಡಿ ಆಮೇಲೆ ಅರ್ಜಿ ಹಾಕಿದ್ರೆ ಸಿಗಲ್ಲ, ಅದಕ್ಕೆ ಮಷೀನ್ ತಗೊಳ್ಳೋ ಮೊದಲೇ ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಬರೀ ಒಂದು ಮಷೀನ್, ಇಸ್ತ್ರಿ ಪೆಟ್ಟಿಗೆ ಸಾಕು ಅನ್ನೋದಾದ್ರೆ ಕೇಂದ್ರದ ಮುದ್ರಾ ಯೋಜನೆಯ ಚಿಕ್ಕ ಸಾಲ, ಶಿಶು ಸಾಲ, 50,000ದ ತನಕ ಬ್ಯಾಂಕಲ್ಲೇ ಸಿಗುತ್ತೆ. ಮೊದಲ ಎರಡು ಕೌದಿ ಮಾತ್ರ ಸಾಲ ಮಾಡ್ದೆ ಕೈಹೊಲಿಗೇಲೇ ಮಾಡಿ, ಒಂದು ಮುಗಿಯೋಕೆ ಎಷ್ಟು ದಿನ ಆಯ್ತು ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿಡಿ, ಬೆಲೆ ಎಷ್ಟು ಅಂತ ಕೇಳೋಕೆ ನಂಗೆ ಇನ್ನೊಂದು ಕಾಗದ ಬರೆಯುವಾಗ ಆ ಲೆಕ್ಕನೂ ಬರೀರಿ.