ಮಿಡ್ ಸಫೋಕ್ ಯಾಕೆ ದೊಡ್ಡ ಸುದ್ದಿ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್‌ನಲ್ಲಿ ಪರಿಸರವಾದಿ ಗ್ರೀನ್ ಪಾರ್ಟಿ ಮೊದಲೇ ಆಡಳಿತ ಮಾಡಿತ್ತು, ಮತ್ತೆ ಪೂರ್ವ ಇಂಗ್ಲೆಂಡಿನ ಮಿಡ್ ಸಫೋಕ್ ಜಿಲ್ಲಾ ಕೌನ್ಸಿಲ್‌ನ 2023ರ ಚುನಾವಣಾ ಫಲಿತಾಂಶದಲ್ಲಿ ಹೊಸದೇನು ಅಂತ ಕೇಳಿದ್ದೀರಿ. ಹೊಸದು ಬಹುಮತ.

2011ರಲ್ಲಿ ಬ್ರೈಟನ್‌ನಲ್ಲಿ ಅವರಿಗೆ ಸಿಕ್ಕಿದ್ದು 54ರಲ್ಲಿ 23 ಸೀಟು. ದೊಡ್ಡ ಪಕ್ಷ ಹೌದು, ಆದರೆ ಏನು ಪಾಸಾಗಬೇಕಿದ್ದರೂ ಬೇರೆಯವರ ಓಟು ಬೇಕಿತ್ತು. ಮಿಡ್ ಸಫೋಕ್‌ನಲ್ಲಿ 34ರಲ್ಲಿ 24 ಬಂತು. ಹಿಂದಿನ ಸಲ 12 ಇತ್ತು, ಸರಿಯಾಗಿ ಎರಡು ಪಟ್ಟು! ಕನ್ಸರ್ವೇಟಿವ್ 6, ಲಿಬರಲ್ ಡೆಮಾಕ್ರಾಟ್ 4, ಲೇಬರ್ ಸೊನ್ನೆ. ಬ್ರಿಟನ್‌ನಲ್ಲಿ ಗ್ರೀನ್‌ಗೆ ಒಂದು ಇಡೀ ಕೌನ್ಸಿಲ್ ಬಹುಮತದಿಂದ ಸಿಕ್ಕಿದ್ದು ಅದೇ ಮೊದಲು. ಅದೂ ದೊಡ್ಡ ಊರಲ್ಲಲ್ಲ. ಸ್ಟೋಮಾರ್ಕೆಟ್‌ನಂಥ ಸಣ್ಣ ಪೇಟೆ, ಸುತ್ತ ಬರೀ ಹೊಲ, ಹಳ್ಳಿ. ನನಗೆ ತುಂಬಾ ಖುಷಿ ಕೊಟ್ಟಿದ್ದು ಇದೇ. ಅದೇ ದಿನ ಬ್ರೈಟನ್‌ನಲ್ಲಿ ಅವರು 7ಕ್ಕೆ ಇಳಿದರು.

ಒಂದು ಮಾತು, ಮಿಡ್ ಸಫೋಕ್‌ನಂಥ ಜಿಲ್ಲಾ ಕೌನ್ಸಿಲ್ ಕೈಯಲ್ಲಿರುವುದು ಕಸ, ಮನೆ ಕಟ್ಟಲು ಅನುಮತಿ, ಇಂಥವು. ರಸ್ತೆ, ಶಾಲೆ ಅದರ ಮೇಲಿನ ಸಫೋಕ್ ಕೌಂಟಿ ಕೌನ್ಸಿಲ್‌ನದ್ದು.

ನೀವು ಅಲ್ಲೇ ವಾಸ ಇದ್ದರೆ ಭಾರತದ ಪಾಸ್‌ಪೋರ್ಟ್ ಇದ್ದರೂ ಓಟು ಹಾಕಬಹುದು, ಕಾಮನ್‌ವೆಲ್ತ್ ಪ್ರಜೆ ಅಂತ. ಮೊದಲು ಹೆಸರು ನೋಂದಾಯಿಸಿ, ಫೋಟೋ ಇರುವ ಗುರುತಿನ ಚೀಟಿ ಒಯ್ಯಿರಿ. ಬಟನ್ ಇಲ್ಲ, ಪೆನ್ಸಿಲ್‌ನಲ್ಲಿ ಹೆಸರಿನ ಪಕ್ಕ ಒಂದು ಕ್ರಾಸ್. ವಾರ್ಡಿಗೆ ಎರಡು ಸೀಟಿದ್ದರೆ ಎರಡು ಕ್ರಾಸ್ ಹಾಕಬಹುದು.