ಪ್ರತಿಕ್ರಿಯೆ: ಊಹೆಗೂ ಆಧಾರ ಬೇಕು
ಮಾನ್ಯರೇ, ಇತಿಹಾಸಕಾರರು ಕಲ್ಪನೆಯನ್ನು ಬಳಸಿದರೆ ಅದು ಕಾದಂಬರಿಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಗೋವೆಯ ವಾಸ್ಕೋದಲ್ಲಿರುವ ನನಗೆ ಥಟ್ಟನೆ ನೆನಪಾಗುವುದು ಜುವಾರಿ ನದಿ ದಂಡೆಯ ಹಳೆಯ ರೇವು ಗೋಪಕಪಟ್ಟಣ. ಹಿಂದೆ ಗೋವೆಯನ್ನಾಳಿದ ಕದಂಬರ ಆ ರೇವಿನಲ್ಲಿ ಇಂದು ಉಳಿದಿರುವುದು ಬಹುಮಟ್ಟಿಗೆ ಜಂಬಿಟ್ಟಿಗೆ ಕಲ್ಲುಗಳು. ಆ ಕಲ್ಲು, ಶಾಸನ, ನಾಣ್ಯಗಳ ನಡುವಿನ ತೆರಪನ್ನು ತುಂಬಲು, ಹಡಗಿನ ಸರಕನ್ನು ಹೇಗೆ ಇಳಿಸುತ್ತಿದ್ದರು, ಹಮಾಲ ಯಾವ ಭಾಷೆಯಲ್ಲಿ ಲೆಕ್ಕ ಹೇಳುತ್ತಿದ್ದ ಎಂದು ಊಹಿಸಲೇಬೇಕಾಗುತ್ತದೆ. ಆದರೆ ಕಾದಂಬರಿಕಾರ ಆ ಹಮಾಲನಿಗೆ ಹೆಸರಿಟ್ಟು ಮುಂದೆ ಸಾಗಬಹುದಾದರೂ, ಇತಿಹಾಸಕಾರ ಪ್ರತಿ ಊಹೆಯನ್ನೂ ಆಧಾರಕ್ಕೆ ಒರೆಹಚ್ಚಿ, ತಾಳೆಯಾಗದಿದ್ದರೆ ಅದು ಎಷ್ಟೇ ಸೊಗಸಾಗಿದ್ದರೂ ಕೈಬಿಡಬೇಕು. ಹಾಗೆಯೇ, ಕದಂಬರ ಶಾಸನಗಳಲ್ಲಿ ಕನ್ನಡವೂ ಇದೆ ಎಂಬ ಕಾರಣಕ್ಕೆ ಇಂದಿನ ರಾಜ್ಯಗಳ ಗಡಿಯನ್ನು ನಾವು ಅಂದಿನ ನೆಲದ ಮೇಲೆ ಎಳೆಯಬಾರದು. ಇಲ್ಲಿನ ಸರ್ಕಾರಿ ಬಸ್ಸುಗಳಿಗೆ ಈಗಲೂ ಕದಂಬ ಎಂಬುದೇ ಹೆಸರು. 1961ರಲ್ಲಿ ವಿಮೋಚನೆಗೊಂಡ ಗೋವೆ ಆ ಹೆಸರನ್ನೇ ಏಕೆ ಆರಿಸಿಕೊಂಡಿತು ಎಂಬಲ್ಲಿಂದ ನೀವು ಹುಡುಕಾಟ ಆರಂಭಿಸಬಹುದು.